ಎರಡನೇ ಸ್ಪ್ಯಾನಿನ ಹಳದಿ ಚುಕ್ಕೆ

ಆ ಸೇತುವೆಯನ್ನು ದಾಟಲು ಕಾರಿಗೆ ಹನ್ನೊಂದು ಸೆಕೆಂಡು ಸಾಕು. ಹೋದ ತಿಂಗಳು ಜಿದ್ದಾದಿಂದ ಪೂರ್ವಕ್ಕೆ, ಬೆಟ್ಟಗಳ ಕಡೆ ಹೋಗುವಾಗ ಬಾಯಲ್ಲೇ ಎಣಿಸಿದೆ. ಕಾರು ಓಡಿಸುತ್ತಿದ್ದ ಮಾಮನಿಗೆ ಅಲ್ಲೊಂದು ಸೇತುವೆ ಇದೆ ಎಂಬುದೇ ಗಮನಕ್ಕೆ ಬರಲಿಲ್ಲ. ಹಿಂದಿನ ದಿನ ಮಳೆ ಬಿದ್ದಿತ್ತು. ಕಿಟಕಿ ಇಳಿಸಿದರೆ ನೆನೆದ ಮಣ್ಣಿನ ವಾಸನೆ ಒಳಗೆ ಬಂತು. ಊರಿನ ಮಣ್ಣಿನ ವಾಸನೆಯಲ್ಲ ಅದು. ಸುಣ್ಣದ ನೀರು ಚೆಲ್ಲಿದ ಹಾಗೆ ಮೂಗಿನ ಮೇಲ್ಭಾಗದಲ್ಲಿ ಚುಚ್ಚುವ ವಾಸನೆ.

"ಎಂತ ಆಯ್ತು, ವಾಂತಿ ಬರ್ತದಾ?" ಎಂದರು ಮಾಮ.

"ಇಲ್ಲ. ಸ್ವಲ್ಪ ನಿಲ್ಲಿಸಿ."

ಇಳಿದು, ದಡದ ಇಳಿಜಾರಿನಲ್ಲಿ ನಿಂತು ಎರಡನೇ ಸ್ಪ್ಯಾನನ್ನು ನೋಡಿದೆ. ಕಂಬದಿಂದ ಕಂಬಕ್ಕೆ ಹಾಸಿದ ಒಂದೊಂದು ತುಂಡನ್ನು ನಾವು ಸ್ಪ್ಯಾನ್ ಎನ್ನುತ್ತಿದ್ದೆವು. ಒಟ್ಟು ಆರು, ಒಂದೊಂದೂ ನಲವತ್ತು ಮೀಟರು. ಅಷ್ಟು ವರ್ಷವಾದರೂ ಕಣ್ಣು ಅದನ್ನು ಬಿಟ್ಟು ಹೋಗಲಿಲ್ಲ. ಮಾಮ ಹಾರ್ನ್ ಹೊಡೆಯುವವರೆಗೆ ಅಲ್ಲೇ ನಿಂತಿದ್ದೆ.

ಆ ಸೇತುವೆ ಕಟ್ಟುತ್ತಿದ್ದ ಚಳಿಗಾಲದಲ್ಲಿ ನನಗೆ ಮೂವತ್ತೊಂದು. ಭಟ್ಕಳದಿಂದ ಬಂದು ಮಾಮನ ಬಟ್ಟೆ ಅಂಗಡಿಯಲ್ಲಿ ಮೂರು ವರ್ಷ ಕೂತು, ವ್ಯಾಪಾರ ಹತ್ತದೆ, ಒಂದು ಕಟ್ಟಡದ ಕಂಪನಿಯಲ್ಲಿ ಸೈಟ್ ಫೋಟೋಗ್ರಾಫರನ ಕೆಲಸ ಹಿಡಿದಿದ್ದೆ. ಮದುವೆ ಮನೆಯ ಫೋಟೋದವನಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ. ವಾದಿಯ, ಅಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣನದಿಯ, ಎರಡೂ ದಡಗಳಲ್ಲಿ ನೆಲಕ್ಕೆ ನಾಲ್ಕು ಮೊಳೆ ಹೊಡೆದು ಕೆಂಪು ಬಣ್ಣ ಬಳಿದಿದ್ದರು. ಪ್ರತಿ ಗುರುವಾರ ಬೆಳಿಗ್ಗೆ ಏಳೂವರೆಗೆ ಟ್ರೈಪಾಡಿನ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಅದು ಮೊಳೆಯ ತಲೆಗೆ ಸರಿಯಾಗಿ ಬರುವಂತೆ ನಿಲ್ಲಿಸಬೇಕು. ಅದೇ ಲೆನ್ಸು, ಅದೇ ಎತ್ತರ, ಅದೇ ದಿಕ್ಕು. ವಾರದಿಂದ ವಾರಕ್ಕೆ ಬದಲಾಗಬೇಕಾದದ್ದು ಸೇತುವೆ ಮಾತ್ರ.

ಕೇಳಿದರೆ ಬೇಸರದ ಕೆಲಸ ಅನಿಸಬಹುದು. ನನಗೆ ಅದು ಹುಚ್ಚು ಹಿಡಿಸಿತು. ಬುಧವಾರ ಮಲಗುವಾಗಲೇ ನಾಳೆ ಎಷ್ಟು ಎದ್ದಿರುತ್ತದೋ ಎಂದು ಯೋಚನೆ. ಮೊದಲು ಬರಿಯ ಕಂಬಿಗಳ ಪಂಜರ. ಮುಂದಿನ ವಾರ ಅದರ ಸುತ್ತ ಹಲಗೆ. ಅದರ ಮುಂದಿನ ವಾರ ಹಲಗೆ ಬಿಚ್ಚಿದರೆ ಒಳಗೆ ಬೂದು ಬಣ್ಣದ ಕಂಬ, ಅಂಚು ಇನ್ನೂ ಒದ್ದೆ. ಕಂಪ್ಯೂಟರಿನಲ್ಲಿ ಫೋಟೋಗಳನ್ನು ಒಂದರ ಹಿಂದೊಂದು ವೇಗವಾಗಿ ಓಡಿಸಿದರೆ ಮರಳಿನಿಂದ ಸೇತುವೆ ಮೊಳೆತು ಎದ್ದು ದಡದ ಕಡೆ ಕೈ ಚಾಚುತ್ತಿತ್ತು. ಅದನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಒಂದು ನಿಯಮವಿತ್ತು. ಫೋಟೋದಲ್ಲಿ ಜನ ಇರಬಾರದು, ಕಸವೂ ಇರಬಾರದು. ಕೆಲಸ ಕೊಟ್ಟ ಇಲಾಖೆಯವರಿಗೆ ಸೇತುವೆ ಮಾತ್ರ ಕಾಣಬೇಕು. ನಾನು ಕೈ ಎತ್ತಿದರೆ ಫೋರ್‌ಮನ್ "ಫೋಟೋ, ಫೋಟೋ" ಎಂದು ಕೂಗುತ್ತಿದ್ದ. ನೂರರ ಹತ್ತಿರ ಜನ ಕಂಬಗಳ ಹಿಂದೆ ಸರಿದು ನಿಲ್ಲುತ್ತಿದ್ದರು. ಆದರೂ ಏನಾದರೂ ಉಳಿದೇ ಉಳಿಯುತ್ತಿತ್ತು: ನೀರಿನ ಬಾಟಲಿ, ಸಿಮೆಂಟಿನ ಚೀಲ, ಒಣಗಲು ಹಾಕಿದ ಬನಿಯನ್ನು. ಅವನ್ನು ಆಫೀಸಿನಲ್ಲಿ ಕೂತು ಒಂದೊಂದಾಗಿ ಅಳಿಸುತ್ತಿದ್ದೆ. ಪಕ್ಕದ ಕಾಂಕ್ರೀಟಿನ ಬಣ್ಣವನ್ನೇ ಎತ್ತಿ ಅದರ ಮೇಲೆ ಹಚ್ಚಿದರೆ ಮುಗಿಯಿತು. ಯಾರಿಗೂ ಗೊತ್ತಾಗದ ಹಾಗೆ ಅಳಿಸುವುದರಲ್ಲಿ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಸೈಟಿನಲ್ಲಿ ಕನ್ನಡ ಮಾತಾಡಲು ನನಗೆ ಸಿಕ್ಕಿದವರು ಇಬ್ಬರು, ವಿಟ್ಲದ ಹಸನಬ್ಬ ಮತ್ತು ಬಂಟ್ವಾಳದ ಮೊಯಿದಿನ್. ಇಬ್ಬರೂ ಶಟರಿಂಗ್ ಬಡಗಿಗಳು, ಕಾಂಕ್ರೀಟಿಗೆ ಹಲಗೆ ಕಟ್ಟಿ ಬಿಚ್ಚುವವರು. ಅವರ ಮನೆಮಾತು ಬ್ಯಾರಿ, ನನ್ನದು ನವಾಯತಿ; ನಡುವೆ ಕನ್ನಡ. ಹಸನಬ್ಬರಿಗೆ ಐವತ್ತರ ಹತ್ತಿರ. ಊರ ಕಡೆಯವರೆಲ್ಲ ಗೌರವದಿಂದ ಹಸನಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಸೇಠ್ ಎನ್ನುತ್ತಿದ್ದರು, ಅದು ಗೌರವಕ್ಕಲ್ಲ.

"ಎಂತ ಸೇಠ್, ಭಟ್ಕಳದವರು ಎಲ್ಲಿ ಹೋದ್ರೂ ಅಂಗಡಿ ಹಾಕ್ತಾರೆ. ನೀವೊಬ್ರು ಮಾತ್ರ ಬಿಸಿಲಲ್ಲಿ ಕಂಬ ನೋಡ್ತಾ ನಿಂತಿದ್ದೀರಲ್ಲ, ಮನೆಯಲ್ಲಿ ಬೈಯುದಿಲ್ವಾ?"

"ಬೈತಾರೆ. ಅದಕ್ಕೇ ಇಲ್ಲಿ ನಿಂತಿದ್ದು."

"ಹಾಗಾದ್ರೆ ಸರಿ," ಎಂದು ಅವರು ತಲೆಯಾಡಿಸುತ್ತಿದ್ದರು.

ಸೇತುವೆಯ ಹಾಸು ಗಟ್ಟಿಯಾದ ಚಪ್ಪಡಿಯಲ್ಲ. ಒಳಗೆ ಟೊಳ್ಳು, ಉದ್ದನೆಯ ಪೆಟ್ಟಿಗೆಯ ಹಾಗೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಆ ಪೆಟ್ಟಿಗೆಯೊಳಗೆ ಉಳಿದ ಹಲಗೆಗಳನ್ನು ಬಿಚ್ಚಿ ಹೊರಗೆ ದಾಟಿಸುವುದು ಹಸನಾಕ ಮತ್ತು ಮೊಯಿದಿನ್ ಕೆಲಸ. ಒಳಗೆ ಹೋಗಲು ಕೆಳಗಡೆ, ಕಂಬದ ಪಕ್ಕ, ಒಬ್ಬ ಮನುಷ್ಯ ತೂರುವಷ್ಟು ಒಂದೇ ಕಿಂಡಿ. ನೆಲದಿಂದ ಅಲ್ಲಿಗೆ ಆರು ಮೀಟರು; ಕಬ್ಬಿಣದ ಪೈಪುಗಳ ಮೆಟ್ಟಿಲು ಕಟ್ಟಿದ್ದರು. ಒಮ್ಮೆ ಹಸನಾಕ ನನ್ನನ್ನು ಒಳಗೆ ಕರೆದುಕೊಂಡು ಹೋದರು. ತಲೆ ಬಗ್ಗಿಸಿ ನಡೆಯಬೇಕು. ಪಕ್ಕದ ಗೋಡೆಗಳಲ್ಲಿ ಸಾಲಾಗಿ ಗಾಳಿಕಿಂಡಿಗಳು, ಒಂದೊಂದೂ ಅಂಗೈ ಅಗಲ. ಅವುಗಳ ಮೂಲಕ ಬಿಸಿಲು ಒಳಗೆ ಬಿದ್ದು ನೆಲದ ಮೇಲೆ ರೊಟ್ಟಿಯಂತೆ ದುಂಡಗೆ ಕೂತಿತ್ತು.

"ಈ ಬೆಳಕು ಆ ಗೆರೆಗೆ ಬಂದ್ರೆ ಚಹಾ. ಅಲ್ಲಿಂದ ಎರಡು ಹೆಜ್ಜೆ ಹೋದ್ರೆ ಊಟ," ಎಂದು ಹಸನಾಕ ತೋರಿಸಿದರು. "ನಮಗೆ ವಾಚ್ ಬೇಡ."

ಜನವರಿಯಲ್ಲಿ ಅವರ ಮಗಳ ನಿಕಾಹ್ ನಿಶ್ಚಯವಾಯಿತು. ರಜೆ ಕೇಳಿದರು, ಸಿಗಲಿಲ್ಲ. ಮತ್ತೆ ಕೇಳಿದರು, ಆಗಲೂ ಇಲ್ಲ. ಅದು ಕೆಲಸಗಾರರ ಇಡೀ ಕ್ಯಾಂಪಿಗೆ ಗೊತ್ತಿತ್ತು.

ಮಳೆ ಬಂದದ್ದು ಒಂದು ಮಂಗಳವಾರ. ಬೆಳಿಗ್ಗೆ ಬೆಟ್ಟದ ಮೇಲೆ ಮೋಡ ಕಟ್ಟಿದ್ದನ್ನು ನೋಡಿ, ಮಳೆಗೆ ಮುಂಚಿನ ಸ್ಥಿತಿ ದಾಖಲಾಗಲಿ ಎಂದು ನನ್ನನ್ನು ಕಳಿಸಿದ್ದರು. ಒಂಬತ್ತೂ ಮೂವತ್ತೈದಕ್ಕೆ ಅಪಾಯದ ಹಾರ್ನ್ ಆಯಿತು. ಮೇಲ್ಗಡೆ ನೀರು ಹೊರಟಿದೆ, ಎಲ್ಲರೂ ದಡಕ್ಕೆ. ಜನ ಓಡಿ ಬಂದು ಎರಡು ಬಸ್ಸು ಹತ್ತಿದರು. ಟೈಮ್‌ಕೀಪರ್ ಹೆಸರು ಓದಿದ, ಹಾಜರ್ ಹಾಜರ್ ಎಂದು ಉತ್ತರ ಬಂತು, ಒಂಬತ್ತೂ ಐವತ್ತಕ್ಕೆ ಬಸ್ಸುಗಳು ಹೋದವು. ಸೈಟ್ ಇಂಜಿನಿಯರ್ ಮತ್ತು ನಾನು ಮಾತ್ರ ಪಿಕಪ್ ಗಾಡಿಯ ಜೊತೆ ಎತ್ತರದ ದಡದಲ್ಲಿ ಉಳಿದೆವು.

ಮೊದಲು ಶಬ್ದ ಬಂತು, ಜಲ್ಲಿ ಲಾರಿ ಸುರಿದ ಹಾಗೆ, ಆದರೆ ನಿಲ್ಲದೆ. ಆಮೇಲೆ ವಾದಿಯ ತಿರುವಿನಲ್ಲಿ ಕಂದು ಬಣ್ಣದ ಗೋಡೆಯೊಂದು ಕಾಣಿಸಿತು. ಅದರ ಮುಂದೆ ಮುಳ್ಳುಪೊದೆ, ಡ್ರಮ್ಮು, ಒಂದು ಬಾಗಿಲು. ಕಾವಲುಗಾರನ ಕೋಣೆ ನೆಲ ಬಿಟ್ಟು ಎದ್ದು, ಸ್ವಲ್ಪ ದೂರ ಸರಿಯಾಗಿಯೇ ತೇಲಿ, ಮಗುಚಿತು. ಮೂರನೇ ಸ್ಪ್ಯಾನಿನ ಕೆಳಗಿನ ಆಸರೆ ಕಂಬಗಳು ಬೆಂಕಿಕಡ್ಡಿಯ ಹಾಗೆ ಒಂದೊಂದಾಗಿ ಹೋದವು. ಮೆಟ್ಟಿಲುಗಳೂ ಹೋದವು. ನಮ್ಮ ಕಂಬಗಳು ಅಲುಗಲಿಲ್ಲ. ನೀರು ಬಂದು ಬಡಿದು, ಸೀಳಿ, ಎರಡೂ ಕಡೆ ಬಿಳಿ ನೊರೆಯಾಗಿ ಹೋಗುತ್ತಿತ್ತು. ನಾನು ಮೊಳೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಲೆನ್ಸು ಒರೆಸಿ ಒರೆಸಿ, ಐವತ್ತು ನಿಮಿಷದಲ್ಲಿ ಅರವತ್ತೊಂದು ಫೋಟೋ ತೆಗೆದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು: ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಇಂಜಿನಿಯರ್ ತೋಳು ಹಿಡಿದು ಎಳೆಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಇನ್ನೂ ಮಳೆಯಿದೆ ಎಂದು ಶನಿವಾರದವರೆಗೆ ಸೈಟ್ ಮುಚ್ಚಿದರು.

ಬುಧವಾರ ಬೆಳಿಗ್ಗೆ ಜಿದ್ದಾದ ಆಫೀಸಿನಲ್ಲಿ ಅವಸರವೋ ಅವಸರ. ಸೇತುವೆ ಪ್ರವಾಹ ತಡೆದ ಫೋಟೋ ಇಲಾಖೆಗೆ ತಕ್ಷಣ ಬೇಕು. ಹನ್ನೆರಡು ಆರಿಸಿದೆ. ತೇಲುವ ಡ್ರಮ್ಮುಗಳನ್ನು ಅಳಿಸಿದೆ. ಮೂರರಲ್ಲಿ ಎರಡನೇ ಸ್ಪ್ಯಾನಿನ ಗೋಡೆಯ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆಯಿತ್ತು. ಗಾಳಿಗೆ ಹಾರಿ ಅಂಟಿದ ಪ್ಲಾಸ್ಟಿಕ್ ಚೀಲ ಎಂದುಕೊಂಡು ಅದನ್ನೂ ಅಳಿಸಿದೆ. ಪ್ರಾಜೆಕ್ಟ್ ಮ್ಯಾನೇಜರ್ ಈಜಿಪ್ಟಿನವರು. ನಾವೆಲ್ಲ ಅವರನ್ನು ಮುಹಂದಿಸ್, ಅಂದರೆ ಇಂಜಿನಿಯರ್, ಎಂದೇ ಕರೆಯುತ್ತಿದ್ದೆವು. ಅವರು ಹಿಂದೆ ನಿಂತು ನೋಡಿ, "ಶುಭ್ರವಾಗಿದೆ" ಎಂದರು. ಹತ್ತು ಗಂಟೆಗೆ ಫೋಟೋ ಹೋಯಿತು.

ಹನ್ನೊಂದೂವರೆಗೆ ಮೊಯಿದಿನ್ ಫೋನು.

"ಹಸನಾಕ ನಿಮ್ಮಲ್ಲಿಗೆ ಬಂದಿದ್ದಾರಾ?"

"ಇಲ್ಲ. ಯಾಕೆ?"

"ಕಾಣುದಿಲ್ಲ. ಕ್ಯಾಂಪಿಗೆ ನೀರು ನುಗ್ಗಿ ನಿನ್ನೆ ಅರ್ಧ ಜನರನ್ನು ಗೋಡೌನಿಗೆ ಹಾಕಿದ್ರು. ಅಲ್ಲಿದ್ದಾರೆ ಅಂತ ನಾನು ಎಣಿಸಿದ್ದೆ. ಇವತ್ತು ಅವರೆಲ್ಲ ವಾಪಸ್ ಬಂದ್ರು, ಇವರಿಲ್ಲ. ಮಗಳ ಮದುವೆಗೆ ಓಡಿಹೋದ ಅಂತ ಆಫೀಸಿನವ ಊರಿಗೂ ಫೋನ್ ಮಾಡಿ ಹೇಳಿಬಿಟ್ಟ. ಹುರೂಬ್ ಹಾಕ್ತಾರಂತೆ."

ಹುರೂಬ್ ಎಂದರೆ ಕೆಲಸಗಾರ ತಪ್ಪಿಸಿಕೊಂಡ ಎಂಬ ದೂರು. ಅದು ದಾಖಲಾದರೆ ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು. ಸಿಕ್ಕಿದರೆ ಜೈಲು, ಅಲ್ಲಿಂದ ಗಡೀಪಾರು.

"ಬಸ್ಸಿನಲ್ಲಿ ಬಂದರಲ್ಲ? ಹೆಸರು ಓದಿದಾಗ ಹಾಜರ್ ಅಂದಿದ್ದಾರಲ್ಲ?"

ಮೊಯಿದಿನ್ ದನಿ ಸಣ್ಣದಾಯಿತು. "ಅದು ನಾನು ಹೇಳಿದ್ದು ಮಾರಾಯ್ರೆ."

ಬಸ್ಸಿನಲ್ಲಿ ನಿದ್ದೆ ಹೋದವನ ಪರವಾಗಿ ಪಕ್ಕದವ ಹಾಜರ್ ಎನ್ನುವುದು ಆ ಕ್ಯಾಂಪಿನಲ್ಲಿ ದಿನನಿತ್ಯದ ಉಪಕಾರ. ಮಂಗಳವಾರ ಮೊಯಿದಿನ್ ಚಹಾಕ್ಕೆಂದು ಮೊದಲು ಇಳಿದಿದ್ದ. ಹಾರ್ನ್ ಆದಾಗ ಹಸನಾಕ ಹಿಂದೆಯೇ ಬಂದಿರುತ್ತಾರೆ ಎಂದು ಓಡಿದ. ಈ ಬಸ್ಸಿನಲ್ಲಿ ಇಲ್ಲ, ಹಾಗಾದರೆ ಆ ಬಸ್ಸಿನಲ್ಲಿ ಇದ್ದೇ ಇರುತ್ತಾರೆ. ಹೆಸರು ಕೂಗಿದಾಗ ಹಾಜರ್ ಎಂದುಬಿಟ್ಟ.

"ಅವರು ಎಲ್ಲಿದ್ದರು, ನೀನು ಇಳಿಯುವಾಗ?"

"ಒಳಗೆ. ಎರಡನೇ ಸ್ಪ್ಯಾನಿನ ಒಳಗೆ."

ಫೋನನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ಮೊಯಿದಿನ್ ಇನ್ನೂ ಮಾತಾಡುತ್ತಿದ್ದ. ಕ್ಯಾಮೆರಾದಿಂದ ಇಳಿಸಿದ ಮೂಲ ಫೋಟೋಗಳನ್ನು ತೆರೆದೆ. ಒಂಬತ್ತೂ ಐವತ್ತೆರಡರ ಫೋಟೋದಲ್ಲಿ ಏನೂ ಇಲ್ಲ. ಹತ್ತೂ ನಾಲ್ಕರಲ್ಲಿ ಐದನೇ ಗಾಳಿಕಿಂಡಿಯ ಬಾಯಲ್ಲಿ ಹಳದಿ. ಹತ್ತೂ ಹತ್ತೊಂಬತ್ತರಲ್ಲಿ ಅಲ್ಲೇ, ಆದರೆ ಉದ್ದ ಜೋತುಬಿದ್ದಿದೆ. ಹತ್ತೂ ಮೂವತ್ತೊಂದರಲ್ಲಿ ಐದನೇ ಕಿಂಡಿ ಖಾಲಿ. ಹಳದಿ ಮೂರನೆಯದಕ್ಕೆ, ನಾನು ನಿಂತಿದ್ದ ದಡದ ಕಡೆಗೆ, ಬಂದಿದೆ. ಗಾಳಿ ಒಂದು ಚೀಲವನ್ನು ಒಂದು ಕಿಂಡಿಯಿಂದ ಎಳೆದು ಇನ್ನೊಂದಕ್ಕೆ ತುರುಕುವುದಿಲ್ಲ. ಇನ್ನೂ ದೊಡ್ಡದು ಮಾಡಿದೆ. ಹಳದಿಯ ನಡುವೆ ಬೂದು ಬಣ್ಣದ ಪಟ್ಟಿ. ಕೆಲಸಗಾರರು ತೊಡುವ ಜಾಕೆಟ್ಟಿನ ಹೊಳೆಯುವ ಪಟ್ಟಿ.

ನಾನು ನಿಂತು ಫೋಟೋ ತೆಗೆಯುತ್ತಿದ್ದಾಗ ಹಸನಾಕ ನನಗೇ ಬೀಸುತ್ತಿದ್ದರು.

ಮುಹಂದಿಸ್ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಇಲಾಖೆಗೆ ಕಳಿಸಿದ ಫೋಟೋವನ್ನೇ ತೆರೆದು, "ಎಲ್ಲಿದೆ? ಇಲ್ಲಿ ಏನೂ ಇಲ್ಲ," ಎಂದರು.

"ಇತ್ತು. ನಾನು ಅಳಿಸಿದೆ."

ಅವರು ನನ್ನನ್ನು ನೋಡಿದರು. ಮೂಲವನ್ನು ಅವರ ಮುಂದೆ ಇಟ್ಟೆ. ಮೂರನ್ನೂ ಅವರು ನಿಧಾನವಾಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರದಿಂದ ನೋಡಿದರು. ನಂತರ ಕನ್ನಡಕ ತೆಗೆದು, ಫೋನು ಎತ್ತಿ, ಕ್ಯಾಂಪಿನ ಆಫೀಸಿಗೆ ಅರಬ್ಬಿಯಲ್ಲಿ ನಾಲ್ಕೇ ಮಾತು ಹೇಳಿದರು. ಹುರೂಬ್ ಕಾಗದವನ್ನು ಹರಿದು ಹಾಕು ಎಂಬುದು ಅದರ ಅರ್ಥ. "ಯಲ್ಲಾ, ಹೊರಡು" ಎಂದು ನನಗೆ ಹೇಳಿದವರು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದರು.

ದಾರಿಯಲ್ಲಿ ಅವರು ಒಂದೇ ಪ್ರಶ್ನೆ ಕೇಳಿದರು: "ಒಳಗೆ ನೀರಿದೆಯಾ ಅವನ ಹತ್ತಿರ?" ಇರಲಿಕ್ಕಿಲ್ಲ ಎಂದೆ. ಊಟದ ಚೀಲ, ಬಾಟಲಿ, ಫೋನು ಎಲ್ಲವನ್ನೂ ಹಸನಾಕ ಮೆಟ್ಟಿಲಿನ ಬುಡದಲ್ಲಿ ತೂಗುಹಾಕಿ ಹತ್ತುತ್ತಿದ್ದರು. ಮೆಟ್ಟಿಲೇ ಹೋಗಿತ್ತು. ಶನಿವಾರದವರೆಗೆ ಅಲ್ಲಿಗೆ ಯಾರೂ ಬರುವವರಿರಲಿಲ್ಲ.

ನಾವು ತಲುಪಿದಾಗ ಒಂದು ಗಂಟೆ. ಮೊಯಿದಿನ್ ಮತ್ತು ಪೇಶಾವರದ ಖಾನ್ ಭಾಯ್ ಮೊದಲೇ ಬಂದಿದ್ದರು. ಖಾನ್ ಭಾಯ್ ಮಣ್ಣೆತ್ತುವ ಯಂತ್ರದ ಡ್ರೈವರ್. ಸೈಟಿನಲ್ಲಿ ಅದನ್ನು ಶಾವೆಲ್ ಎನ್ನುತ್ತಾರೆ. ವಾದಿಯಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು, ಆದರೆ ಎಳೆತ ಜೋರಾಗಿತ್ತು. ಗಾಳಿಕಿಂಡಿಗಳಲ್ಲಿ ಹಳದಿ ಕಾಣಲಿಲ್ಲ. ಯಾವ ಕಿಂಡಿಯಲ್ಲೂ ಕಾಣಲಿಲ್ಲ.

ನಾನು, ಮೊಯಿದಿನ್ ಸೇತುವೆಯ ಮೇಲೆ ಓಡಿದೆವು. ಎರಡನೇ ಸ್ಪ್ಯಾನಿನ ನಡುವೆ ಮೊಯಿದಿನ್ ಮಂಡಿಯೂರಿ ಸುತ್ತಿಗೆಯಿಂದ ಕಾಂಕ್ರೀಟಿಗೆ ಮೂರು ಸಲ ಹೊಡೆದ. ನಾನು ಕಿವಿಯನ್ನು ನೆಲಕ್ಕೆ ಒತ್ತಿದೆ. ನೀರಿನ ಶಬ್ದ ಮಾತ್ರ. ಅವನು ಮತ್ತೆ ಮೂರು ಸಲ ಹೊಡೆದ, ಈ ಸಲ ಜೋರಾಗಿ. ಅವನ ಮೂಗು ಸೋರುತ್ತಿತ್ತು.

ಟಕ್. ನನ್ನ ಕೆನ್ನೆಗೆ ತಾಗಿದ ಹಾಗೆ ಕೆಳಗಿನಿಂದ ಬಂತು. ಆಮೇಲೆ ಎರಡು. ಟಕ್, ಟಕ್.

ಮೊಯಿದಿನ್ ಹುಚ್ಚನ ಹಾಗೆ ಹೊಡೆಯತೊಡಗಿದ. ಕೆಳಗಿನಿಂದಲೂ ಹಾಗೇ ಹೊಡೆತ ಬಂತು. ದಡದಲ್ಲಿದ್ದ ಮುಹಂದಿಸ್‌ಗೆ ನಾನು ಎರಡೂ ಕೈ ಎತ್ತಿ ತೋರಿಸಿದೆ. ಅವರು ತಿರುಗಿ ಖಾನ್ ಭಾಯ್‌ಗೆ ಕೈಬೀಸಿದರು. ಶಾವೆಲ್ ಕಪ್ಪು ಹೊಗೆ ಬಿಟ್ಟು ನೀರಿಗಿಳಿಯಿತು.

ಮುಂದಿನ ಅರ್ಧ ಗಂಟೆಯನ್ನು ನಾನು ದಡದಿಂದ ನೋಡಿದೆ. ಒಳಕಿಂಡಿಯ ಕೆಳಗೆ ಕೆಸರಿನಲ್ಲಿ ಮುರಿದ ಪೈಪುಗಳು ಭರ್ಜಿಗಳಂತೆ ಮೇಲ್ಮುಖವಾಗಿ ನಿಂತಿದ್ದವು. ಖಾನ್ ಭಾಯ್ ಅವನ್ನು ಬಕೆಟ್ಟಿನ ಬೆನ್ನಿನಿಂದ ಒಂದೊಂದಾಗಿ ಮಲಗಿಸಿದ. ಮೊಯಿದಿನ್ ಸಣ್ಣ ಏಣಿ ಹಿಡಿದು ಬಕೆಟ್ಟಿನೊಳಗೆ ನಿಂತ. ಬಕೆಟ್ ಏರಿತು. ಕಿಂಡಿಯಿಂದ ಮೊದಲು ಒಂದು ಕಾಲು ಬಂತು, ಬೂಟು ಇಲ್ಲದ ಕಾಲು. ಅದು ಏಣಿಯ ಮೆಟ್ಟಿಲನ್ನು ಹುಡುಕಿತು, ಸಿಗಲಿಲ್ಲ, ಮೇಲೆ ಹೋಯಿತು. ಮತ್ತೆ ಇಳಿಯಿತು. ಮೊಯಿದಿನ್ ಪಾದವನ್ನು ಹಿಡಿದು ಮೆಟ್ಟಿಲ ಮೇಲಿಟ್ಟ.

ದಡಕ್ಕೆ ಬಂದ ಹಸನಾಕರ ತುಟಿ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಮೊಣಕೈ ತರಚಿತ್ತು, ಬೇರೆ ಗಾಯವಿರಲಿಲ್ಲ. ಹಾಜರ್ ಹೇಳಿದ್ದು ತಾನೇ ಎಂದು ಮೊಯಿದಿನ್ ಬಕೆಟ್ಟಿನಲ್ಲೇ ಅವರಿಗೆ ಹೇಳಿಬಿಟ್ಟಿದ್ದ. ಬಾಟಲಿಯನ್ನು ಒಂದೇ ಸಲಕ್ಕೆ ಮುಗಿಸಲು ಹೊರಟವರನ್ನು ಮುಹಂದಿಸ್ ತಡೆದು, ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪ ಕೊಟ್ಟರು.

"ಹಾರ್ನ್ ಕೇಳಿತ್ತು," ಎಂದರು ಹಸನಾಕ. "ಕಾಂಕ್ರೀಟ್ ಗಾಡಿ ರಿವರ್ಸ್ ಬರ್ತಾ ಉಂಟು ಅಂತ ಎಣಿಸಿದೆ. ಕೆಳಗೆ ನೋಡ್ತೇನೆ, ಸಮುದ್ರ." ಇನ್ನೊಂದು ಮುಚ್ಚಳ ಕುಡಿದರು. "ಜಾಕೆಟ್ ಬೀಸಿ ಬೀಸಿ ಕೈಯಿಂದ ಜಾರಿಹೋಯ್ತು. ಇವತ್ತು ಸಂಜೆ ಹಾರುದು ಅಂತ ತೀರ್ಮಾನ ಮಾಡಿದ್ದೆ."

ಹಾರಿದ್ದರೆ ಆ ಪೈಪುಗಳ ಮೇಲೆ.

ಸುಮ್ಮನಿರಬಹುದಿತ್ತು, ಆದರೆ ನನ್ನಿಂದ ಆಗಲಿಲ್ಲ. "ಹಸನಾಕ, ನೀವು ಬೀಸಿದ್ದು ಫೋಟೋದಲ್ಲಿ ಬಂದಿತ್ತು. ನಾನು ಕಸ ಅಂತ ಅಳಿಸಿಬಿಟ್ಟೆ."

ಅವರು ನನ್ನನ್ನು ನೋಡಿದರು. "ಎಷ್ಟು ಹೊತ್ತು?"

"ಅಳಿಸಿ, ಮತ್ತೆ ನೋಡುವಷ್ಟರಲ್ಲಿ... ಎರಡು ಗಂಟೆ."

"ಇವ ನನ್ನನ್ನು ಒಂದು ಇಡೀ ದಿನ ಬಸ್ಸಿನಲ್ಲಿ ಕೂರಿಸಿದ್ದಾನೆ," ಎಂದು ಮೊಯಿದಿನ್ ಕಡೆ ಗಲ್ಲ ಎತ್ತಿ ತೋರಿಸಿದರು. "ನೀವು ಎರಡು ಗಂಟೆ. ಸೇಠ್, ನಿಮ್ಮದು ಕಡಿಮೆಯೇ."

ಮೊಯಿದಿನ್ ನಗಲು ಹೋಗಿ ಅತ್ತ. ಯಾರು ಹಾಜರ್ ಹೇಳಿದ್ದು ಎಂದು ಆಮೇಲೆ ಆಫೀಸಿನವರು ವಾರಗಟ್ಟಲೆ ವಿಚಾರಿಸಿದರು. ಬಸ್ಸಿನಲ್ಲಿದ್ದ ಯಾರೂ ಬಾಯಿ ಬಿಡಲಿಲ್ಲ, ಹಸನಾಕರಂತೂ ಬಿಡಲೇ ಇಲ್ಲ. ಅವತ್ತಿನಿಂದ ಒಬ್ಬೊಬ್ಬರ ಮುಖ ನೋಡಿಯೇ ಗುರುತು ಹಾಕುವುದು ಶುರುವಾಯಿತು. ತಿದ್ದದ ಆ ಮೂರು ಫೋಟೋಗಳನ್ನು ಮುಹಂದಿಸ್ ತಮ್ಮದೇ ಪತ್ರದ ಜೊತೆ ಇಲಾಖೆಗೆ ಮತ್ತೆ ಕಳಿಸಿದರು. ಹಸನಾಕರಿಗೆ ರಜೆಯೂ ಸಿಕ್ಕಿತು.

ಅದೆಲ್ಲ ಆಮೇಲೆ. ಆಗ ದಡದಲ್ಲಿ ಅವರು ಮೊದಲು ಕೇಳಿದ್ದು ಫೋನು. ನನ್ನದನ್ನು ಕೊಟ್ಟೆ. ಅವರು ನಂಬರ್ ಹೇಳಿದರು, ನಾನೇ ಒತ್ತಿದೆ. ಆ ಕಡೆಯಿಂದ ಹೆಂಡತಿಯ ದನಿ ಬ್ಯಾರಿಯಲ್ಲಿ ಒಂದೇ ಸಮನೆ ಬಂತು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧವನ್ನು ಹಸನಾಕರ ಮುಖ ಹೇಳಿತು.

ಅವರು ಫೋನನ್ನು ಕಿವಿಯಿಂದ ದೂರ ಹಿಡಿದರು. "ಎಲ್ಲಿಗೆ ಓಡಿಹೋದದ್ದು, ಯಾರು ಬುದ್ಧಿ ಹೇಳಿಕೊಟ್ಟದ್ದು ಅಂತ ಬೈತಾ ಇದ್ದಾಳೆ. ಸೈಟಿನಲ್ಲೇ ಇದ್ದೇನೆ ಅಂದ್ರೆ ನಂಬುದಿಲ್ಲ. ಫೋಟೋ ಕಳಿಸಬೇಕಂತೆ."

ಸೇತುವೆ ಹಿಂದೆ ಬರುವ ಹಾಗೆ ನಿಲ್ಲಿಸಿ, ಅದೇ ಫೋನಿನಲ್ಲಿ ತೆಗೆದು ಕಳಿಸಿದೆ. ಮುಖ ತೊಳೆಯುತ್ತೇನೆ ಎಂದವರನ್ನು ಬಿಡಲಿಲ್ಲ. ಐವರೂ ಫೋನನ್ನು ನೋಡುತ್ತ ನಿಂತೆವು. ಆ ಕಡೆ ತಲುಪಿತು.

ಮತ್ತೆ ರಿಂಗ್ ಆಯಿತು. ಈ ಸಲ ಬೈಗುಳವಿರಲಿಲ್ಲ, ದನಿ ಬೇರೆಯೇ ಆಗಿತ್ತು. ಹಸನಾಕ ಕೇಳಿಸಿಕೊಂಡು ಫೋನನ್ನು ನನಗೆ ವಾಪಸು ಕೊಟ್ಟರು.

"ಪೆಟ್ಟಾದದ್ದನ್ನು ಮುಚ್ಚಿಡ್ತಾ ಇದ್ದೇನೆ ಅಂತ ಅವಳಿಗೆ ಸಂಶಯ. ಇನ್ನೊಂದು ತೆಗೀಬೇಕಂತೆ," ಎಂದರು. "ಕಾಲು ಕಾಣುವ ಹಾಗೆ. ಎರಡೂ ಕಾಲು."

ನಾನು ಹತ್ತು ಹೆಜ್ಜೆ ಹಿಂದಕ್ಕೆ ಹೋದೆ.